ಹೊಗೆಯ ಲೆಕ್ಕ, ಮುಳ್ಳಿನ ಲೆಕ್ಕ

ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು ಎಂಬ ಗಾದೆಯನ್ನು ನಾವು ದೊಡ್ಡ ಮನುಷ್ಯರ ವಿಷಯದಲ್ಲಿ ಬಳಸುವುದುಂಟು. ಈ ಮಾತು ಆನೆಗಿಂತಲೂ ಸಾಗವಾನಿ ಮರಕ್ಕೆ ಹೆಚ್ಚು ಒಪ್ಪುತ್ತದೆಂದು ನನಗೆ ತೋರಿದ್ದು ಕಿರವತ್ತಿಯ ನಾಟಾ ಸಂಗ್ರಹಾಲಯವನ್ನು ನೋಡಿದ ಮೇಲೆ. ಹುಬ್ಬಳ್ಳಿಯಿಂದ ಹೊರಟು ಕಲಘಟಗಿಯನ್ನು ದಾಟಿ ಯಲ್ಲಾಪುರದ ಕಡೆಗೆ ಹೋಗುವವರಿಗೆ ಕಿರವತ್ತಿ ಮಲೆನಾಡಿನ ಹೊಸ್ತಿಲು. ಅಲ್ಲಿಯವರೆಗೆ ಹತ್ತಿ, ಜೋಳ, ಬತ್ತಗಳ ಬಯಲು. ಅಲ್ಲಿಂದ ಮುಂದೆ ಕಾಡು. ಕಾಡಿನಿಂದ ಬಂದ ದಿಮ್ಮಿಗಳು ಇಲ್ಲಿ ಸಾಲುಸಾಲಾಗಿ ಮಲಗಿ, ಮೈಮೇಲೆ ಅಂಕಿಗಳನ್ನು ಹೊತ್ತುಕೊಂಡು, ಹರಾಜಿನ ದಿನಕ್ಕಾಗಿ ಕಾಯುತ್ತವೆ. ನಿಂತಾಗ ಒಂದು ಬೆಲೆ, ಬಿದ್ದಾಗ ಒಂದು ಬೆಲೆ.

ಆದರೆ ಬಿದ್ದ ಮರವೆಲ್ಲವೂ ಬೆಲೆಯಾಗುವುದಿಲ್ಲ. ಕೊಂಬೆರೆಂಬೆಗಳು ಕಡಿದಲ್ಲಿಯೇ ಉಳಿಯುತ್ತವೆ. ದುಂಡಗಿನ ದಿಮ್ಮಿಯನ್ನು ಚಪ್ಪಟೆ ಹಲಗೆಯಾಗಿ ಸೀಳುವಾಗ ತೊಗಟೆ ಹತ್ತಿದ ಹೊರಬದಿ ಹೋಗುತ್ತದೆ, ಗರಗಸದ ಹಲ್ಲು ತಿಂದು ಉಗುಳಿದ ಹೊಟ್ಟು ಹೋಗುತ್ತದೆ. ಹಲಗೆಯಾಗಿ ಮನೆ ಸೇರುವುದು ದಿಮ್ಮಿಯ ಅರ್ಧ ಭಾಗ, ಕೈಚಳಕವುಳ್ಳ ಕೆಲಸವಾದರೆ ಅದಕ್ಕಿಂತ ಸ್ವಲ್ಪ ಹೆಚ್ಚು. ಉಳಿದರ್ಧ ಏನಾಯಿತು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನಮ್ಮ ನಾಡಿನ ಕೈಗಾರಿಕೆಯ ಇತಿಹಾಸದ ಒಂದು ಭಾಗವೇ ಕಣ್ಣ ಮುಂದೆ ಬರುತ್ತದೆ.

ಹೊಟ್ಟಿನ ವಿಷಯವನ್ನು ನಗರದ ಹಿರಿಯ ವಾಚಕರು ಮರೆತಿರಲಾರರು. ಅಡುಗೆ ಅನಿಲ ಮನೆಮನೆಗೆ ಬರುವ ಮೊದಲು ನಮ್ಮ ಊರುಗಳ ಎಷ್ಟೋ ಮಧ್ಯಮ ವರ್ಗದ ಮನೆಗಳಲ್ಲಿ ಹೊಟ್ಟಿನ ಒಲೆಯಿತ್ತು. ತಗಡಿನ ಡಬ್ಬಿಯ ನಡುವೆ ಒಂದು ಸೀಸೆಯನ್ನೋ ಒನಕೆಯ ತುಂಡನ್ನೋ ನಿಲ್ಲಿಸಿ, ಸುತ್ತಲೂ ಹೊಟ್ಟನ್ನು ಗಟ್ಟಿಯಾಗಿ ತುಂಬಿ, ಆಮೇಲೆ ಸೀಸೆಯನ್ನು ಮೆಲ್ಲನೆ ತಿರುವಿ ಹೊರಗೆ ಎಳೆದರೆ ನಡುವೆ ಒಂದು ಕೊಳವೆ ಉಳಿಯುತ್ತಿತ್ತು. ಕೆಳಗಿನ ತೂತಿನಿಂದ ಬೆಂಕಿ ತಾಗಿಸಿದರೆ ಬೆಳಗಿನ ಅಡುಗೆಯೂ ಸ್ನಾನದ ನೀರೂ ಒಂದೇ ತುಂಬಿಗೆ ಆಗುತ್ತಿದ್ದವು. ಸಾಮಿಲ್ಲಿನವನಿಗೆ ಹೊಟ್ಟು ಹೊರಗೆ ಹಾಕಬೇಕಾದ ರಾಶಿ. ಗೃಹಿಣಿಗೆ ಅದು ತಿಂಗಳ ಲೆಕ್ಕದಲ್ಲಿ ಉಳಿದ ನಾಲ್ಕು ರೂಪಾಯಿ. ಒಬ್ಬರ ಕಸ ಇನ್ನೊಬ್ಬರ ಸಾಮಾನು ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ. ಎಲ್ಲ ಕಸವೂ ಇಷ್ಟು ಸರಳವಾಗಿದ್ದರೆ ಈ ಲೇಖನಕ್ಕೂ ಕಾರಣವಿರುತ್ತಿರಲಿಲ್ಲ.

ಬೆಂಕಿಪುರದ ಹೊಗೆ

ಕಾಡಿನಲ್ಲಿ ಉಳಿದ ಕೊಂಬೆಗಳನ್ನು ಹಿಂದಿನವರು ಇದ್ದಲು ಮಾಡುತ್ತಿದ್ದರು. ಕಟ್ಟಿಗೆಯನ್ನು ಗೋಪುರದಂತೆ ಒಟ್ಟಿ, ಸೊಪ್ಪು ಮಣ್ಣು ಮುಚ್ಚಿ, ಒಳಗೆ ಬೆಂಕಿಯಿಟ್ಟು ದಿನಗಟ್ಟಲೆ ಕಾಯುವ ಕೆಲಸ ಅದು. ಹೀಗೆ ಸುಟ್ಟರೆ ಕಟ್ಟಿಗೆಯ ತೂಕದ ಐದರಲ್ಲಿ ಒಂದು ಪಾಲಿನಷ್ಟು ಇದ್ದಲು ಕೈಗೆ ಬರುತ್ತದೆ. ಉಳಿದ ನಾಲ್ಕು ಪಾಲು ಹೊಗೆಯಾಗಿ ಆಕಾಶಕ್ಕೆ ಹೋಗುತ್ತದೆ. ಕಣ್ಣೀರು ತರಿಸುವ ಈ ಹೊಗೆಯಲ್ಲಿ ಏನೇನಿದೆ ಎಂದು ಹಳ್ಳಿಯವನು ಕೇಳಲಿಲ್ಲ. ಕೇಳಿದ್ದರೂ ಅದನ್ನು ಹಿಡಿದಿಡುವ ಪಾತ್ರೆ ಅವನಲ್ಲಿರಲಿಲ್ಲ.

ಯೂರೋಪ್ ಅಮೆರಿಕಗಳ ರಸಾಯನಶಾಸ್ತ್ರಜ್ಞರು ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪಾತ್ರೆಯನ್ನು ಮಾಡಿದರು. ಕಟ್ಟಿಗೆಯನ್ನು ಗಾಳಿಯಾಡದ ಉಕ್ಕಿನ ಕೋಣೆಯಲ್ಲಿಟ್ಟು ಹೊರಗಿನಿಂದ ಕಾಯಿಸಿದರೆ ಇದ್ದಲು ಮೂರರಲ್ಲಿ ಒಂದು ಪಾಲಿನವರೆಗೆ ಸಿಗುತ್ತದೆ. ಹೊಗೆಯನ್ನು ಕೊಳವೆಗಳಲ್ಲಿ ಹಾಯಿಸಿ ತಣಿಸಿದರೆ ಕಂದು ಬಣ್ಣದ, ಹುಳಿ ವಾಸನೆಯ ನೀರು ಇಳಿಯುತ್ತದೆ. ಅದರ ತಳದಲ್ಲಿ ಡಾಮರಿನಂಥ ಎಣ್ಣೆ ನಿಲ್ಲುತ್ತದೆ. ನೀರಿನಲ್ಲಿ ಎರಡು ಮುಖ್ಯ ವಸ್ತುಗಳುಂಟು: ಒಂದು ಮೀಥೈಲ್ ಮದ್ಯಸಾರ, ಅಂದರೆ ಕುಡಿದವರ ಕಣ್ಣು ಕಳೆಯುವ ಮರದ ಸಾರಾಯಿ, ಇನ್ನೊಂದು ಅಸೆಟಿಕ್ ಆಮ್ಲ, ಅಂದರೆ ವಿನಿಗರಿನ ಹುಳಿ. ಹುಳಿಗೆ ಸುಣ್ಣ ಬೆರೆಸಿದರೆ ಕ್ಯಾಲ್ಸಿಯಂ ಅಸಿಟೇಟ್ ಎಂಬ ಲವಣ. ಆ ಲವಣವನ್ನು ಕಾಯಿಸಿದರೆ ಅಸಿಟೋನ್. ತಣಿಯದೆ ಉಳಿದ ಅನಿಲವನ್ನು ಅದೇ ಕುಲುಮೆಯಲ್ಲಿ ಉರಿಸಬಹುದು. ಹೀಗೆ ಹೊಗೆಯೂ ಜಮಾಖರ್ಚಿನ ಪುಸ್ತಕಕ್ಕೆ ಬಂತು.

ಮೈಸೂರು ಸಂಸ್ಥಾನ ಈ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡಿತು. ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದಿರು ಧಾರಾಳವಾಗಿತ್ತು; ಆದರೆ ಅದನ್ನು ಕರಗಿಸಲು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಇದ್ದದ್ದು ಶಿವಮೊಗ್ಗ, ಕಡೂರು ಸೀಮೆಗಳ ಕಾಡು. ಹಾಗಾದರೆ ಮರದ ಇದ್ದಲಿನಿಂದಲೇ ಕಬ್ಬಿಣ ಕರಗಿಸೋಣ. ಇದ್ದಲು ಮಾಡುವಾಗ ಹೊರಡುವ ಹೊಗೆಯನ್ನು ಹಿಡಿದು ಮಾರಿ ಇದ್ದಲಿನ ವೆಚ್ಚವನ್ನು ಇಳಿಸೋಣ ಎಂಬುದು ಯೋಜನೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೊಳೆತ ಈ ಯೋಜನೆಗೆ ನ್ಯೂಯಾರ್ಕಿನ ಇಂಜಿನಿಯರ್ ಸಿ. ಪಿ. ಪೆರಿನ್ ಅವರ ಸಲಹೆ ದೊರೆಯಿತು. ಭದ್ರಾ ನದಿಯ ದಡದ ಬೆಂಕಿಪುರವೆಂಬ ಊರು ಇದಕ್ಕಾಗಿ ಆಯ್ಕೆಯಾಯಿತು. ಆ ಹೆಸರು ಕಾರ್ಖಾನೆಗೆ ಶಕುನದಂತೆ ಒಪ್ಪುತ್ತಿತ್ತು. ಆದರೂ ಊರಿಗೆ ಭದ್ರಾವತಿ ಎಂಬ ತಂಪಾದ ಹೆಸರೇ ನಿಂತಿತು. 1923ರ ಜನವರಿಯಲ್ಲಿ ಕಾರ್ಖಾನೆ ಕೆಲಸ ಆರಂಭಿಸಿತು. ಅದರ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರದ ಭಟ್ಟಿಯೇ ಇತ್ತೆಂಬುದನ್ನು ಗಮನಿಸಬೇಕು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್.

ಯೋಜನೆಯ ಲೆಕ್ಕಗಳು ಹುಟ್ಟಿದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಆ ಯುದ್ಧದಲ್ಲಿ ಬ್ರಿಟಿಷರ ಫಿರಂಗಿಗಳಿಗೆ ಬೇಕಾದ ಕಾರ್ಡೈಟ್ ಎಂಬ ಮದ್ದನ್ನು ಹದಗೊಳಿಸಲು ಅಸಿಟೋನ್ ಬೇಕಾಗಿತ್ತು. ಅದು ಬರುತ್ತಿದ್ದುದು ಮರದ ಹೊಗೆಯಿಂದ. ಅದರ ಅಭಾವ ಎಷ್ಟಿತ್ತೆಂದರೆ, ಕೈಮ್ ವೈಜ್ಮನ್ ಎಂಬ ವಿಜ್ಞಾನಿ ಮುಸುಕಿನ ಜೋಳವನ್ನು ಹುಳಿಸಿ ಅಸಿಟೋನ್ ತೆಗೆಯುವ ಬೇರೊಂದು ದಾರಿಯನ್ನು ಕಂಡುಹಿಡಿಯಬೇಕಾಯಿತು. ಜೋಳಕ್ಕೂ ಕೊರತೆ ಬಿದ್ದಾಗ, 1917ರಲ್ಲಿ, ಇಂಗ್ಲೆಂಡಿನ ಶಾಲೆಯ ಮಕ್ಕಳು ಹಾದಿಬದಿಯ ಹಾರ್ಸ್ ಚೆಸ್ಟ್‌ನಟ್ ಮರದ ಕಾಯಿಗಳನ್ನು ಆರಿಸಿ ತಂದುಕೊಟ್ಟರು. ಇಂಥ ಕಾಲದಲ್ಲಿ ಮರದ ಹೊಗೆಗೆ ಬಂಗಾರದ ಬೆಲೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಯುದ್ಧ ಮುಗಿಯಿತು. ಮದ್ದಿನ ಬೇಡಿಕೆ ಕುಗ್ಗಿತು. ಅಷ್ಟೇ ಆಗಿದ್ದರೆ ಮರದ ಭಟ್ಟಿ ಹೇಗೋ ಸುಧಾರಿಸಿಕೊಳ್ಳುತ್ತಿತ್ತು. ಭದ್ರಾವತಿಯಲ್ಲಿ ಕುಲುಮೆ ಹೊತ್ತಿಕೊಂಡ ಅದೇ 1923ರಲ್ಲಿ, ಜರ್ಮನಿಯ ಲಾಯ್ನಾ ಎಂಬಲ್ಲಿ, ಬಿ.ಎ.ಎಸ್.ಎಫ್. ಕಂಪನಿಯವರು ಕಲ್ಲಿದ್ದಲಿನಿಂದ ಬರುವ ಅನಿಲಗಳನ್ನು ಭಾರಿ ಒತ್ತಡದಲ್ಲಿ ಕೂಡಿಸಿ ಮೀಥೈಲ್ ಮದ್ಯಸಾರವನ್ನು ತಯಾರಿಸಲು ತೊಡಗಿದರು. ಮರವಿಲ್ಲ, ಭಟ್ಟಿಯಿಲ್ಲ, ಇದ್ದಲಿಲ್ಲ. ವಸ್ತು ಮಾತ್ರ ಅದೇ, ಅದಕ್ಕಿಂತಲೂ ಶುದ್ಧ, ಬಹಳ ಅಗ್ಗ. ಎರಡು ಮೂರು ವರ್ಷಗಳಲ್ಲಿ ಅದು ಜಗತ್ತಿನ ಮಾರುಕಟ್ಟೆಗಳಿಗೆ ಹರಿದು, ಅಮೆರಿಕದ ಹಳೆಯ ಮರದ ಭಟ್ಟಿಗಳೂ ತತ್ತರಿಸಿದವು. ಭದ್ರಾವತಿಯ ಉಪವಸ್ತುಗಳಿಂದ ಬರಬೇಕಾಗಿದ್ದ ವರಮಾನ ಹೀಗೆ ಹುಟ್ಟುವ ಮೊದಲೇ ಸೊರಗಿತು. ಲಾಯ್ನಾದ ಪ್ರಯೋಗಾಲಯದಲ್ಲಿ ಏನು ನಡೆಯುತ್ತಿದೆಯೆಂದು ಬೆಂಕಿಪುರದಲ್ಲಿ ಕುಳಿತು ಊಹಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಇಲ್ಲಿ ಕಾರ್ಖಾನೆ ಮುಳುಗಬೇಕಾಗಿತ್ತು, ಮುಳುಗಲಿಲ್ಲ. 1923ರಿಂದ 1929ರವರೆಗೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ವಿಶ್ವೇಶ್ವರಯ್ಯನವರು ಖರ್ಚನ್ನು ಬಿಗಿಹಿಡಿದು, ಹೊರನಾಡಿನ ತಜ್ಞರ ಜಾಗಕ್ಕೆ ನಮ್ಮವರನ್ನು ತಂದು, ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದರು. 1930ರ ದಶಕದಲ್ಲಿ ಉಕ್ಕು ಬಂತು, ಅದರ ಹಿಂದೆ ಸಿಮೆಂಟು ಬಂತು. ಮುಂದೆ ಜೋಗದ ವಿದ್ಯುತ್ತು ಬಂದ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳು ಇದ್ದಲಿನ ಕುಲುಮೆಯ ಭಾರವನ್ನು ಹೊತ್ತವು. ಹೊಗೆಯನ್ನು ಹಿಡಿಯುವ ಉದ್ಯೋಗ ಹಿಂದೆ ಸರಿಯಿತು.

ಈ ಕಥೆಯನ್ನು ಸೋಲಿನ ಕಥೆಯೆಂದು ನಾನು ಹೇಳುವುದಿಲ್ಲ. ಆದರೆ ಇದರಲ್ಲಿ ಒಂದು ಪಾಠವುಂಟು. ಉಪವಸ್ತು ಉಪವಸ್ತುವಾಗಿಯೇ ಇರಬೇಕು; ಮುಖ್ಯ ವ್ಯಾಪಾರದ ನಷ್ಟವನ್ನು ಅದರ ಹೆಗಲಿಗೆ ಕಟ್ಟಬಾರದು. ಅದರ ಬೆಲೆಯನ್ನು ನಿರ್ಣಯಿಸುವವನು ಎಲ್ಲಿಯೋ ದೂರದಲ್ಲಿ ಕುಳಿತಿರುತ್ತಾನೆ. ಇನ್ನೊಂದು ಮಾತು: ಹೊಗೆಗೆ ಬೆಲೆ ಬಂತೆಂದ ಮಾತ್ರಕ್ಕೆ ಕಾಡಿಗೆ ಬೀಳುವ ಕೊಡಲಿ ತಗ್ಗುವುದಿಲ್ಲ. ಕಟ್ಟಿಗೆಯನ್ನು ತರಲು ಕಾಡಿನೊಳಗೆ ಟ್ರಾಮ್ ಹಾದಿಗಳನ್ನೇ ಹಾಕಬೇಕಾಯಿತು. ಕೊಂಬೆರೆಂಬೆಗಳ ಸದುಪಯೋಗವೆಂದು ಮೊದಲಾದದ್ದು ಮರಗಳ ಹಸಿವಾಗಿ ಬೆಳೆಯುವುದು ಅಪರೂಪವೇನಲ್ಲ.

ಗೆದ್ದ ಲೆಕ್ಕಗಳು

ಗೆದ್ದ ಉದಾಹರಣೆಗಳೂ ಅದೇ ಕಾಲದಲ್ಲಿ, ಅದೇ ಸಂಸ್ಥಾನದಲ್ಲಿ ಇವೆ. 1914ರಲ್ಲಿ ಯುದ್ಧ ಮೊದಲಾಗಿ ಮೈಸೂರಿನ ಶ್ರೀಗಂಧ ಜರ್ಮನಿಗೆ ಹೋಗುವುದು ನಿಂತಾಗ, ಮರ ರಾಶಿಬಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಇಲ್ಲಿಯೇ ಎಣ್ಣೆ ಇಳಿಸುವ ಕ್ರಮವನ್ನು ರೂಪಿಸಿದರು. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ, 1918ರಲ್ಲಿ ಸೋಪಿನ ಕಾರ್ಖಾನೆ. ಎಣ್ಣೆ ಕೊಟ್ಟು ಸೋತ ಗಂಧದ ಪುಡಿಯಲ್ಲಿ ಇನ್ನೂ ಒಂದಿಷ್ಟು ಪರಿಮಳ ಉಳಿದಿರುತ್ತದೆ. ಅದು ಊದುಬತ್ತಿ ಹೊಸೆಯುವವರ ಕೈಗೆ ಹೋಯಿತು. ಎಣ್ಣೆ ವಿದೇಶಕ್ಕೆ, ಸೋಪು ಸ್ನಾನದ ಮನೆಗೆ, ಪುಡಿ ದೇವರ ಮನೆಗೆ. ಇಲ್ಲಿ ಉಪವಸ್ತುವಿನ ಮೇಲೆ ಯಾರೂ ಸಾಲ ಮಾಡಿರಲಿಲ್ಲ, ಬಂದಷ್ಟು ಲಾಭವೇ.

ಮಂಡ್ಯದ ಸಕ್ಕರೆ ಕಾರ್ಖಾನೆಯದೂ ಇದೇ ಬಗೆ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯಲ್ಲಿ ಕಬ್ಬಿನ ಸಿಪ್ಪೆ ಬಾಯ್ಲರಿನ ಉರುವಲಾಯಿತು, ಕಾಕಂಬಿ ಮದ್ಯಸಾರವಾಯಿತು. ಇದರ ಹಿಂದೆ ದುಡಿದ ಡಾ. ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿಯ ಹೆಸರನ್ನು ಅಡಕೆಯ ಸೀಮೆಯವರು ಬೇರೊಂದು ಕಾರಣಕ್ಕೆ ಬಲ್ಲರು. ಮಳೆಗಾಲದಲ್ಲಿ ಅಡಕೆಯ ಕೊನೆಗಳನ್ನು ಉದುರಿಸುತ್ತಿದ್ದ ಕೊಳೆರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕೆಂದು ಆ ಶತಮಾನದ ಮೊದಲ ದಶಕಗಳಲ್ಲಿ ತೋರಿಸಿಕೊಟ್ಟವರು ಅವರೇ.

ಬಿದಿರಿಗೆ ಬಂದ ಬೆಲೆ

ಈಗ ಕಿರವತ್ತಿಯ ಕಾಡಿಗೆ ಹಿಂದಿರುಗೋಣ. ಇಲ್ಲಿಯ ಅರಣ್ಯದಲ್ಲಿ ಅರಣ್ಯಾಧಿಕಾರಿಗಳ ಕಣ್ಣಿಗೆ ಬಹುಕಾಲ ಕಸವಾಗಿ ಕಂಡದ್ದು ಹೊಟ್ಟಲ್ಲ, ಕೊಂಬೆಯಲ್ಲ, ಬಿದಿರು. ಬ್ರಿಟಿಷರ ಕಾಲದ ಅರಣ್ಯಶಾಸ್ತ್ರಕ್ಕೆ ಸಾಗವಾನಿ ರಾಜ. ಅದರ ಬೆಳಕನ್ನು ಕದಿಯುವುದೆಲ್ಲ ಕಳೆ. ಬಿದಿರನ್ನು ಕಡಿದು ತೆಗೆಯಬೇಕೆಂಬುದು ಅಂದಿನ ವಿಧಿ. ಅದೇ ಬಿದಿರಿನಿಂದ ಮೇದಾರರು ಬುಟ್ಟಿ, ಮೊರ, ಕಣಜ, ತಟ್ಟಿಗಳನ್ನು ಹೆಣೆಯುತ್ತಿದ್ದರು; ರೈತ ಬೇಲಿ ಕಟ್ಟುತ್ತಿದ್ದ, ಅಟ್ಟ ಹಾಕುತ್ತಿದ್ದ; ಎಳೆಯ ಕಳಲೆ ಅಡುಗೆಗೆ ಬರುತ್ತಿತ್ತು. ಆದರೆ ಇವು ಯಾವುವೂ ಸರಕಾರದ ಲೆಕ್ಕದ ಪುಸ್ತಕದಲ್ಲಿ ದೊಡ್ಡ ಅಂಕಿಗಳಾಗಿರಲಿಲ್ಲ.

ಡೆಹರಾಡೂನಿನ ಅರಣ್ಯ ಸಂಶೋಧನ ಸಂಸ್ಥೆಯಲ್ಲಿ ವಿಲಿಯಂ ರೈಟ್ ಎಂಬವರು ಬಿದಿರಿನಿಂದ ಕಾಗದದ ತಿರುಳನ್ನು ತೆಗೆಯುವ ಕ್ರಮವನ್ನು ಸಾಧಿಸಿದ ಮೇಲೆ ಚಿತ್ರ ಬದಲಾಯಿತು. ಬಿದಿರಿನ ಕಾಗದದ ಉದ್ಯಮವನ್ನು ರಕ್ಷಿಸಲು 1925ರಲ್ಲಿ ಕಾಯಿದೆಯೇ ಆಯಿತು. ನಿನ್ನೆಯ ಕಳೆ ಇಂದಿನ ಕಚ್ಚಾಸಾಮಗ್ರಿ. ಉತ್ತರ ಕನ್ನಡದಲ್ಲಿ ಈ ಮಾತಿನ ಪೂರ್ಣ ಅರ್ಥ ಕಂಡದ್ದು 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಸ್ಥಾಪನೆಯಾಗಿ, ದಶಕ ಮುಗಿಯುವುದರೊಳಗೆ ದಾಂಡೇಲಿಯಲ್ಲಿ ಕಾಗದ ಹೊರಬಂದಾಗ. ನಡುವೆ, 1956ರಲ್ಲಿ, ಜಿಲ್ಲೆ ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ರಾಜ್ಯ, ಹೊಸ ಕಾರ್ಖಾನೆ, ಸಾವಿರಾರು ಕೆಲಸಗಳು. ನಮ್ಮ ಪಠ್ಯಪುಸ್ತಕಗಳಿಗೂ ವರ್ತಮಾನಪತ್ರಗಳ ಓದುಗರಿಗೂ ಕಾಗದ ಬೇಕಾಗಿದ್ದ ಕಾಲ. ಆ ಉತ್ಸಾಹವನ್ನು ಇಂದು ಹಗುರಾಗಿ ಕಾಣುವುದು ಸರಿಯಲ್ಲ.

ಕಾಗದದ ಕಾರ್ಖಾನೆಯೊಳಗೂ ಕಸದ ಪ್ರಶ್ನೆ ದೊಡ್ಡದೇ. ಬಿದಿರಿನ ಚೂರುಗಳನ್ನು ಕ್ಷಾರದಲ್ಲಿ ಬೇಯಿಸಿ ನಾರನ್ನು ತೆಗೆದುಕೊಂಡ ಮೇಲೆ ಕಪ್ಪು ಕಷಾಯವೊಂದು ಉಳಿಯುತ್ತದೆ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿದ್ದ ಲಿಗ್ನಿನ್ ಎಂಬ ವಸ್ತುವೆಲ್ಲ ಅದರಲ್ಲಿದೆ. ಅದನ್ನು ನದಿಗೆ ಬಿಟ್ಟರೆ ನದಿ ಸಾಯುತ್ತದೆ. ಇಂಗಿಸಿ, ಗಟ್ಟಿ ಮಾಡಿ, ಕುಲುಮೆಯಲ್ಲಿ ಉರಿಸಿದರೆ ಕಾರ್ಖಾನೆಗೆ ಬೇಕಾದ ಹಬೆಯ ದೊಡ್ಡ ಪಾಲು ಸಿಗುತ್ತದೆ, ಬೂದಿಯಿಂದ ಕ್ಷಾರವೂ ಮರಳಿ ದೊರೆಯುತ್ತದೆ. ಈ ಬಗೆಯ ಕುಲುಮೆಯನ್ನು 1930ರ ದಶಕದಲ್ಲಿ ಕೆನಡಾದ ಟಾಮ್ಲಿನ್ಸನ್ ರೂಪಿಸಿದ ಮೇಲೆ ಜಗತ್ತಿನ ಕಾಗದದ ಉದ್ಯಮದ ಲೆಕ್ಕವೇ ಬದಲಾಯಿತು. ಆದರೆ ಹಿಡಿದಷ್ಟೂ ಒಂದಿಷ್ಟು ಸೋರಿಹೋಗುವುದು ಉಂಟು. ದಾಂಡೇಲಿಯ ಕೆಳಗಿನ ಕಾಳಿ ನದಿಯ ನೀರಿನ ಬಣ್ಣ ವಾಸನೆಗಳ ಬಗ್ಗೆ ದಡದ ಜನರ ದೂರು ಬಹುಕಾಲ ಕೇಳಿಬಂದಿತು. ಜಲಮಾಲಿನ್ಯವನ್ನು ತಡೆಯುವ ಕಾಯಿದೆ ದೇಶದಲ್ಲಿ ಬಂದದ್ದು 1974ರಲ್ಲಿ.

ಆದರೆ ದೊಡ್ಡ ಪ್ರಶ್ನೆ ಕಾರ್ಖಾನೆಯ ಒಳಗಿರಲಿಲ್ಲ, ಕಾಡಿನಲ್ಲಿತ್ತು. ಕಳೆಯೆಂದು ಕರೆದ ವಸ್ತುವಿಗೆ ಬೆಲೆ ಕಟ್ಟುವಾಗ ಸರಕಾರ ಕಳೆಯ ಬೆಲೆಯನ್ನೇ ಕಟ್ಟಿತು. ಕಾರ್ಖಾನೆಗೆ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯಂತೆ ದೊರೆಯಿತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಪೇಟೆಯಲ್ಲಿ ಮೇದಾರ ಕೊಡಬೇಕಾಗಿದ್ದ ಬೆಲೆ ಇದರ ಎಷ್ಟೋ ಪಟ್ಟು ಹೆಚ್ಚು. ಇಷ್ಟು ಅಗ್ಗವಾಗಿ ಸಿಕ್ಕ ಸಾಮಗ್ರಿಯನ್ನು ಜೋಪಾನ ಮಾಡುವ ಬುದ್ಧಿ ಯಾರಿಗೆ ಬಂದೀತು? ಹಿತ್ತಲಿನಲ್ಲಿ ಬಿಟ್ಟಿ ಸಿಕ್ಕ ನೀರನ್ನು ಯಾರೂ ಅಳೆದು ಬಳಸುವುದಿಲ್ಲ.

ಮುಳ್ಳಿನ ಕೆಲಸ

1970ರ ದಶಕದ ಹೊತ್ತಿಗೆ ಬಿದಿರು ವಿರಳವಾಗತೊಡಗಿತು. ಬುಟ್ಟಿ ಹೆಣೆಯುವವರು ಸರಕಾರಕ್ಕೆ ದೂರು ಕೊಟ್ಟರು: ಕಾರ್ಖಾನೆಗಳು ನಮ್ಮ ಬಿದಿರನ್ನು ಬರಿದು ಮಾಡುತ್ತಿವೆ. ದನ ಮೇಯಿಸುವವರು, ಕದ್ದು ಕಡಿಯುವವರು ಕಾರಣ ಎಂಬುದು ಇನ್ನೊಂದು ಪಕ್ಷದ ಉತ್ತರ. ಆ ದಶಕದ ನಡುಭಾಗದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಗಾಡ್ಗೀಳರೂ ಅವರ ಸಹೋದ್ಯೋಗಿಗಳೂ ಉತ್ತರ ಕನ್ನಡದ ಕಾಡುಗಳಲ್ಲಿ ಓಡಾಡಿ ಇದನ್ನು ಪರೀಕ್ಷಿಸಿದರು. ಆಗ ಹೊರಬಿದ್ದ ಒಂದು ಸಂಗತಿ ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ತಿರುಳು.

ದೊಡ್ಡ ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಒತ್ತಾದ ಹೆಣಿಗೆ ಇರುತ್ತದೆ. ಕಡಿಯುವವನಿಗೆ ಅದು ಪೀಡೆ. ಕೈ ಸೀಳುತ್ತದೆ, ಬಟ್ಟೆ ಹರಿಯುತ್ತದೆ, ಗಳ ಹೊರಬರುವುದಿಲ್ಲ. ಮೆಳೆ ಹಗುರಾದರೆ ಹೊಸ ಗಳಗಳು ಚೆನ್ನಾಗಿ ಬರುತ್ತವೆ ಎಂಬ ಭಾವನೆಯಿಂದ ಈ ಮುಳ್ಳನ್ನು ಸವರಿ ತೆಗೆಯುವ ಪದ್ಧತಿ ಬಂತು. ಹಳ್ಳಿಯವರು ಮೊದಲಿನಿಂದಲೂ ಬೇರೆ ಮಾತು ಹೇಳುತ್ತಿದ್ದರು: ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ. ಮಳೆಗಾಲದಲ್ಲಿ ನೆಲವನ್ನು ಸೀಳಿಕೊಂಡು ಮೇಲೇಳುವ ಎಳೆಯ ಕಳಲೆ ಮಂಗ, ಹಂದಿ, ಮುಳ್ಳುಹಂದಿ, ದನ ಎಲ್ಲದಕ್ಕೂ ಸಿಹಿ ತಿಂಡಿ. ಬುಡದ ಮುಳ್ಳೇ ಅದಕ್ಕೆ ಬೇಲಿ. ವಿಜ್ಞಾನಿಗಳು ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಮುಳ್ಳು ಸವರಿದ ಮೆಳೆಗಳಲ್ಲಿ ಕಳಲೆಗಳು ಬೆಳೆಯುವ ಮೊದಲೇ ತಿಂದುಹೋಗುತ್ತಿದ್ದವು. ಕಸವೆಂದು ಕಡಿದದ್ದು ಕಾವಲುಗಾರನನ್ನು.

ಕಾಗದದ ಕಾರ್ಖಾನೆ ಮುಂದೆ ದೂರದ ರಾಜ್ಯಗಳಿಂದ ಬಿದಿರನ್ನು ತರಿಸಿತು. ಆಮೇಲೆ ನೀಲಗಿರಿ, ಸುಬಾಬುಲ್, ಗಾಳಿಮರಗಳನ್ನು ರೈತರ ಹೊಲಗಳಿಂದ ಕೊಳ್ಳುವ ದಾರಿ ಹಿಡಿಯಿತು. ಕಾರ್ಖಾನೆಗೆ ಬೇರೆ ದಾರಿಯಿತ್ತು. ಮೇದಾರನಿಗೆ ಇರಲಿಲ್ಲ. ಅವನ ಕಸುಬು ಕಾಡಿನ ಅಂಚಿಗೆ ಕಟ್ಟಿಹಾಕಿದ್ದು. ಗಳ ಸಿಗದ ವರ್ಷ ಅವನು ಮೊರವನ್ನಾದರೂ ಏತರಿಂದ ಹೆಣೆಯಬೇಕು? ಪ್ಲಾಸ್ಟಿಕ್ ಬುಟ್ಟಿಗಳು ಸಂತೆಗೆ ಬಂದದ್ದೂ ಇದೇ ಕಾಲದ ಆಚೀಚೆ. 1983ರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಕಡೆಯ ಜನರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದಾಗ, ಆ ಅಪ್ಪುಗೆಯ ಹಿಂದೆ ಇಂಥ ಎಷ್ಟೋ ವರ್ಷಗಳ ಅನುಭವವಿತ್ತು.

ತೋಟದ ಮನೆಯ ಪುಸ್ತಕ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಕೆ ತೋಟದವನ ಮನೆಯಲ್ಲಿ ಈ ಕಸದ ಲೆಕ್ಕ ಬೇರೆಯೇ ರೀತಿಯಲ್ಲಿ ನಡೆದುಬಂದಿದೆ. 1801ರಲ್ಲಿ ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ಹಾದುಹೋದಾಗಲೇ ಇಲ್ಲಿಯ ತೋಟಗಳು ಹಳೆಯವಾಗಿದ್ದವು. ಅಡಕೆಯ ಮರದಿಂದ ಮಾರಾಟಕ್ಕೆ ಹೋಗುವುದು ಅಡಕೆ ಒಂದೇ. ಸೋಗೆ ಮಾಡಿಗೆ ಹೊದಿಕೆ, ಬುಡಕ್ಕೆ ಮುಚ್ಚಿಗೆ. ಹಾಳೆ ಕೆಲಸದವನ ತಲೆಗೆ ಟೊಪ್ಪಿ, ನೀರು ಮೊಗೆಯುವ ಪಡಿಗ, ಊಟದ ತಟ್ಟೆ. ಇಂದು ಅದನ್ನೇ ಬಿಸಿಯಚ್ಚಿನಲ್ಲಿ ಒತ್ತಿ ಮಾಡಿದ ತಟ್ಟೆಗಳು ಪಟ್ಟಣದ ಮದುವೆಗಳಲ್ಲಿ ಕಾಣುತ್ತವೆ. ಸಿಪ್ಪೆ ಒಲೆಗೆ, ಒಲೆಯ ಬೂದಿ ತೋಟಕ್ಕೆ. ಮುದಿಮರದ ಸೀಳು ದಬ್ಬೆಯಾಗಿ ನೀರು ಹರಿಸುತ್ತದೆ.

ಎಲ್ಲಕ್ಕಿಂತ ಸೊಗಸಾದದ್ದು ಚೊಗರು. ಹಸಿಯಡಕೆಯನ್ನು ಸುಲಿದು ದೊಡ್ಡ ಹಂಡೆಯಲ್ಲಿ ಬೇಯಿಸಿದಾಗ ಅದರ ಒಗರೆಲ್ಲ ನೀರಿಗೆ ಇಳಿದು ಕೆಂಪಾದ ಕಷಾಯವಾಗುತ್ತದೆ. ಈ ನೀರನ್ನು ಚೆಲ್ಲುವುದಿಲ್ಲ. ಮುಂದಿನ ಹಂಡೆಯ ಅಡಕೆಯನ್ನು ಬೇಯಿಸಲು ಇದನ್ನೇ ಬೆರೆಸುತ್ತಾರೆ. ಬೇಯಿಸಿದಷ್ಟೂ ಮಂದವಾಗುತ್ತದೆ, ಅಡಕೆಗೆ ಬಣ್ಣವನ್ನೂ ಹೊಳಪನ್ನೂ ಕೊಡುತ್ತದೆ. ಮಿಕ್ಕದ್ದನ್ನು ಕಾಯಿಸಿ ಇಂಗಿಸಿ ಇಡುತ್ತಾರೆ; ಕಡಿಮೆ ಬಿದ್ದ ಮನೆಯವರು ಬಂದು ಒಯ್ಯುತ್ತಾರೆ. ಹೆಗ್ಗೋಡಿನ ಬಳಿಯ ಚರಕ ಎಂಬ ಮಹಿಳೆಯರ ಸಹಕಾರ ಸಂಘದವರು ಇದೇ ಚೊಗರಿನಿಂದ ಕೈಮಗ್ಗದ ನೂಲಿಗೆ ಬಣ್ಣ ಕಟ್ಟಿದರು. ರಂಗಕರ್ಮಿ ಪ್ರಸನ್ನರ ಪ್ರೇರಣೆಯಿಂದ ಬೆಳೆದ ಈ ಕೆಲಸ ನಗರದವರ ಮೈಮೇಲೆ ಅಡಕೆ ತೋಟದ ಕೆಂಪನ್ನು ತಂದಿತು.

ಮನೆಯ ಆಚೆಗೂ ಈ ಲೆಕ್ಕ ಚಾಚಿದೆ. ತೋಟದ ಮಗ್ಗುಲಿಗೆ ಸೊಪ್ಪಿನ ಬೆಟ್ಟವಿದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೊಪ್ಪು, ದರಕುಗಳನ್ನು ಬಳಸುವ ಹಕ್ಕು ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಬ್ರಿಟಿಷರ ಕಾಲದಿಂದ ನಡೆದುಬಂದದ್ದು. ಉದುರಿದ ಎಲೆ ಕೊಟ್ಟಿಗೆಗೆ ಹಾಸಾಗಿ, ಸೆಗಣಿಯೊಡನೆ ಕಲೆತು, ಗೊಬ್ಬರವಾಗಿ ಮರದ ಬುಡಕ್ಕೆ ಹೋಗುತ್ತದೆ. ಹೊರಗಿನವರಿಗೆ ಒಂಬತ್ತು ಎಕರೆ ಪಾಳು ಬಿದ್ದಂತೆ ಕಾಣುತ್ತದೆ. ಆ ಪಾಳಿಲ್ಲದಿದ್ದರೆ ತೋಟವಿಲ್ಲ. ಈ ವ್ಯವಸ್ಥೆಯಲ್ಲಿ ದೋಷವಿಲ್ಲವೆಂದಲ್ಲ. ಹಕ್ಕಿದ್ದುದು ತೋಟವುಳ್ಳವನಿಗೆ, ತೋಟವಿಲ್ಲದ ಕೂಲಿಯವನಿಗೆ ಬೆಟ್ಟವೂ ಇಲ್ಲ. ಅತಿಯಾಗಿ ಸವರಿದ ಬೆಟ್ಟಗಳು ಬೋಳಾದದ್ದೂ ಉಂಟು. ಆದರೂ ಇಲ್ಲಿ ಕಸವನ್ನು ಹುಟ್ಟಿಸುವವನು, ಅದನ್ನು ಬಳಸುವವನು, ಅದು ತಪ್ಪಿದರೆ ನಷ್ಟ ಅನುಭವಿಸುವವನು ಒಬ್ಬನೇ ಆಗಿದ್ದಾನೆ. ಆದುದರಿಂದ ಲೆಕ್ಕ ಬಹಳ ದಿನ ತಪ್ಪುವುದಕ್ಕೆ ಸಾಧ್ಯವಿಲ್ಲ. ಭದ್ರಾವತಿಯ ಹೊಗೆಗೆ ಬೆಲೆ ಕಟ್ಟಿದವರು ಕಡಲಾಚೆ ಇದ್ದರು. ಕಾಡಿನ ಬಿದಿರಿಗೆ ಬೆಲೆ ಕಟ್ಟಿದವರು ಬುಟ್ಟಿ ಹೆಣೆಯುವವರಾಗಿರಲಿಲ್ಲ. ಶಿರಸಿಯ ತೋಟಗಾರರು ತಮ್ಮ ಅಡಕೆಯ ಬೆಲೆಯನ್ನು ತಾವೇ ಕಾಯ್ದುಕೊಳ್ಳಲು ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡದ್ದೂ ಅದೇ 1923ರಲ್ಲಿ ಎಂಬುದು ಆಕಸ್ಮಿಕವೇ ಆದರೂ ನೆನೆಯತಕ್ಕದ್ದು.

ಇಂದು ಕಸದ ವಿಷಯ ಎಲ್ಲರ ಬಾಯಲ್ಲಿದೆ. ಕಾರ್ಖಾನೆಯ ಬೂದಿಯಿಂದ ಇಟ್ಟಿಗೆ, ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತು, ಕಾಕಂಬಿಯಿಂದ ವಾಹನಕ್ಕೆ ಇಂಧನ. ಇವೆಲ್ಲ ಒಳ್ಳೆಯ ಕೆಲಸಗಳೇ. ಕಾಡಿನ ಒಣಕಸವನ್ನೆಲ್ಲ ಗುಡಿಸಿ ತಂದು ಉರುವಲಿನ ಬಿಲ್ಲೆಗಳನ್ನು ಮಾಡಬಹುದು ಎಂಬ ಮಾತೂ ಆಗಾಗ ಕೇಳುತ್ತದೆ. ಅಂಥ ಮಾತು ಬಂದಾಗ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನನಗೆ ತೋರುತ್ತದೆ. ಈ ಕಸ ನಿಜವಾಗಿ ಸುಮ್ಮನೆ ಬಿದ್ದಿದೆಯೇ, ಅಥವಾ ಬಿದಿರಿನ ಮುಳ್ಳಿನಂತೆ ನಮ್ಮ ಕಣ್ಣಿಗೆ ಕಾಣದ ಕೆಲಸವನ್ನು ಮಾಡುತ್ತಿದೆಯೇ? ಇದನ್ನು ಈಗಾಗಲೇ ಬಳಸುತ್ತಿರುವ ಬಡವರು ಯಾರಾದರೂ ಇದ್ದಾರೆಯೇ, ಇದ್ದರೆ ಬೆಲೆ ಬಂದ ಮರುದಿನ ಅವರ ಪಾಡೇನು? ನಾಳೆ ಇದರ ಬೆಲೆ ಬಿದ್ದುಹೋದರೆ ಮುಖ್ಯ ಕೆಲಸ ತನ್ನ ಕಾಲ ಮೇಲೆ ನಿಲ್ಲುತ್ತದೆಯೇ?

ಕಿರವತ್ತಿಯ ಸುತ್ತಿನ ಕಾಡಂಚಿನ ಹಳ್ಳಿಗಳಲ್ಲಿ ತಲೆಹೊರೆಯಲ್ಲಿ ಒಣಕಟ್ಟಿಗೆ ತರುವ ಹೆಂಗಸಿಗೆ ಈ ಪ್ರಶ್ನೆಗಳ ಉತ್ತರ ಗೊತ್ತಿದೆ. ಅವಳನ್ನು ಕೇಳದೆ ಬರೆದ ಯೋಜನೆಗಳನ್ನು ನಾವು ನೂರು ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ಇನ್ನು ಮುಂದಿನ ಯೋಜನೆಯನ್ನು ಬರೆಯುವವರು ಕಾಗದವನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ದಿನ ಅವಳ ಹಿಂದೆ ಕಾಡಿಗೆ ಹೋಗಿ ಬಂದರೆ, ಅವಳು ಯಾವುದನ್ನು ಆರಿಸುತ್ತಾಳೆ, ಯಾವುದನ್ನು ಇದ್ದಲ್ಲಿಯೇ ಬಿಡುತ್ತಾಳೆ ಎಂಬುದನ್ನು ನೋಡಿಕೊಂಡು ಬಂದರೆ, ಲೆಕ್ಕ ಸರಿಹೋಗುವ ಸಂಭವ ಹೆಚ್ಚು.